ಯುವನಿಧಿ: ಭತ್ಯೆ ಬಂತು, ಕೆಲಸ?

ಯಲ್ದೂರು: ಶ್ರೀನಿವಾಸಪುರ ತಾಲ್ಲೂಕಿನ ಈ ಹೋಬಳಿಯಲ್ಲಿ ಮಾವಿನ ತೋಟದ ಕೂಲಿ ಋತುಮಾನಕ್ಕಷ್ಟೇ ಸೀಮಿತ. ಪದವಿ ಮುಗಿಸಿದವರು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳತ್ತ ಮುಖ ಮಾಡಬೇಕು.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಇಂಥವರಿಗಾಗಿಯೇ ರೂಪುಗೊಂಡದ್ದು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ಮಾಸಿಕ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ. ಅರ್ಜಿ ಶುಲ್ಕಕ್ಕೆ, ಬಸ್ ಚಾರ್ಜಿಗೆ (ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿದೆ, ಬಿಡಿ) ಮನೆಯವರ ಮುಂದೆ ಕೈಚಾಚಬೇಕಿಲ್ಲ ಎಂಬುದು ಸಣ್ಣ ನೆಮ್ಮದಿಯೇನಲ್ಲ.

ಆದರೆ ‘ನಾನಿನ್ನೂ ನಿರುದ್ಯೋಗಿ’ ಎಂದು ಸ್ವಯಂಘೋಷಣೆ ಸಲ್ಲಿಸುತ್ತಿರಬೇಕು. ಉನ್ನತ ವ್ಯಾಸಂಗಕ್ಕೆ ಸೇರಿದರೆ ಭತ್ಯೆಯಿಲ್ಲ. ಕೆಲಸ ಸಿಕ್ಕರೂ ಇಲ್ಲ. ಆ ಕೆಲಸ ಮೂರೇ ತಿಂಗಳ ಗುತ್ತಿಗೆಯದಾದರೆ? ಅಂಥದ್ದನ್ನು ಒಪ್ಪಿಕೊಳ್ಳಲು ಯಾರಾದರೂ ಹಿಂಜರಿದಾರು.

ಆಸ್ಟ್ರಿಯಾದ ಮರಿಯೆಂಥಾಲ್‌ನಲ್ಲಿ ಜವಳಿ ಗಿರಣಿ ಮುಚ್ಚಿದಾಗ ಮರೀ ಯಹೋಡಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಪರಿಹಾರಧನ ಪಡೆಯುತ್ತಿದ್ದ ಗಂಡಸರು ಸಹ ಹೊತ್ತಿನ ಲೆಕ್ಕವನ್ನೇ ಕಳೆದುಕೊಂಡಿದ್ದರು. ಬೆಳಿಗ್ಗೆ ಎದ್ದು ಹೋಗಲು ಅವರಿಗೊಂದು ಜಾಗವಿರಲಿಲ್ಲ.

ಯುವನಿಧಿಯ ಜೊತೆಗೆ ಕೌಶಲ ತರಬೇತಿಯನ್ನೂ ಸರ್ಕಾರ ಜೋಡಿಸಿದೆ. ಭತ್ಯೆ ಎಷ್ಟು ಮಂದಿಗೆ ತಲುಪಿತು ಎಂಬ ಅಂಕಿ ಸಾಲದು. ಎರಡು ವರ್ಷ ಪೂರೈಸಿದವರಲ್ಲಿ ಕೆಲಸ ಹಿಡಿದವರೆಷ್ಟು, ಅದರಲ್ಲಿ ನಿಂತವರೆಷ್ಟು ಎಂಬುದು ತಾಲ್ಲೂಕುವಾರು ಪ್ರಕಟವಾಗಬೇಕು.