ಸಹಿ ಹಾಕಿಸಿಕೊಂಡರು, ಮಾತು ಕೇಳಲಿಲ್ಲ

ಸಭೆಯ ಕಾಗದ ನನ್ನ ಮೊಬೈಲಿಗೆ ಬಂದಾಗ ರಾತ್ರಿ ಎಂಟೂವರೆ. ಅಕ್ಕಿ ತೊಳೆದು ಕುಕ್ಕರ್ ಇಡುತ್ತಿದ್ದೆ. ಇಪ್ಪತ್ತೆರಡು ಪುಟ, ಪೂರ್ತಿ ಇಂಗ್ಲಿಷು. ಸಭೆ ಮರುದಿನ ಹನ್ನೊಂದಕ್ಕೆ. ಪಿಯುಸಿ ಓದುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಆರನೇ ಪುಟಕ್ಕೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಎಳೆಯುತ್ತಿತ್ತು. "ಅಮ್ಮ, ನಾಳೆ ನನಗೆ ಟೆಸ್ಟಿದೆ" ಅಂದಳು. ಅಲ್ಲಿಗೆ ನಿಂತಿತು.

ಕೆಲಸದ ಜಾಗದ ಹಿಂಸೆ, ಕಿರುಕುಳ ತಡೆಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ರೂಪಿಸಿದ 190ನೇ ಒಪ್ಪಂದದ ಬಗ್ಗೆ ಅಭಿಪ್ರಾಯ ಕೇಳುವ ಸಭೆ ಅದು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಬಾಗಿಲಲ್ಲೇ ಹಾಜರಿ ಪುಸ್ತಕ ಇಟ್ಟಿದ್ದರು. ಸಹಿ ಹಾಕಿ ಒಳಗೆ ಹೋದೆ. ಅಧಿಕಾರಿಗಳು, ಮಾಲೀಕರು, ಯೂನಿಯನ್ನಿನವರು, ಮೂರೂ ಕಡೆಯವರು ಇದ್ದೆವು. ನಮಗೆ ತಲಾ ಮೂರು ನಿಮಿಷ ಕೊಟ್ಟರು. ನಲವತ್ತು ಮಿಷನ್ ಹಾಕಿಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ಮಾಲೀಕರೊಬ್ಬರು ಟೀ ಹೊತ್ತಿನಲ್ಲಿ, "ನನಗೂ ನಿನ್ನೆ ರಾತ್ರಿನೇ ಬಂದಿದ್ದು ಮೇಡಂ, ತೆಗೆದೂ ನೋಡಿಲ್ಲ" ಅಂದರು. ಕೆಲವು ತಿಂಗಳ ಮೇಲೆ ವರದಿ ಕೈಗೆ ಸಿಕ್ಕಿತು. ಸಂಬಂಧಪಟ್ಟ ಎಲ್ಲರೊಂದಿಗೆ ಸಮಾಲೋಚಿಸಲಾಗಿದೆ ಎಂದು ಅದರಲ್ಲಿತ್ತು. ಕೊನೆಯ ಪುಟದಲ್ಲಿ ನನ್ನ ಸಹಿ ಇತ್ತು. ನಾನು ಹೇಳಿದ ಮಾತು ಎಲ್ಲೂ ಇರಲಿಲ್ಲ.

ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ಕಾಲರ್ ಕೂರಿಸಿದವಳು ನಾನು. ಹೊಲಿಗೆ ತಪ್ಪಿದರೆ ಚೆಕಿಂಗ್‌ನವರು ತಪ್ಪಿದ ಜಾಗಕ್ಕೆ ಸರಿಯಾಗಿ ಒಂದು ಬಾಣದ ಸ್ಟಿಕ್ಕರ್ ಅಂಟಿಸಿ ಪೀಸು ವಾಪಸು ಕಳಿಸುತ್ತಾರೆ. ಎಲ್ಲಿ ತಪ್ಪಾಯಿತು ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ನಾವು ಸಭೆಯಲ್ಲಿ ಹೇಳಿದ್ದು ಯಾಕೆ ಬಿದ್ದುಹೋಯಿತು ಎಂದು ತಿಳಿಸಲು ಅಷ್ಟು ಸಣ್ಣ ಸ್ಟಿಕ್ಕರ್ ಕೂಡ ಇಲ್ಲ.

ಅದೇ ಕಾಗದ ಕನ್ನಡದಲ್ಲಿ, ಹದಿನೈದು ದಿನ ಮೊದಲು ಸಿಕ್ಕಿದ್ದರೆ ಊಟದ ಬೆಲ್ ಹೊಡೆದಾಗ ಲೈನಿನವರಿಗೆ ಓದಿ ಹೇಳುತ್ತಿದ್ದೆ. ಕೆಲಸಕ್ಕೆ ಹೋಗಿಬರುವ ದಾರಿಯೂ ಆ ಒಪ್ಪಂದದೊಳಗೆ ಬರುತ್ತದೆ. ನಮ್ಮ 2013ರ ಕಾಯ್ದೆಯಲ್ಲಿ ಮಾಲೀಕರು ಕೊಟ್ಟ ವಾಹನದ ಮಾತಿದೆ. ಕತ್ತಲಲ್ಲಿ ಸ್ಟಾಪಿನಿಂದ ಒಂದು ಕಿಲೋಮೀಟರ್ ನಡೆದು ಮನೆ ಸೇರುವವಳ ಮಾತಿಲ್ಲ. ಆ ಕಾಯ್ದೆ ಇರುವುದೂ ಲೈಂಗಿಕ ಕಿರುಕುಳಕ್ಕೆ ಮಾತ್ರ. ಟಾರ್ಗೆಟ್ ಮುಟ್ಟಲಿಲ್ಲವೆಂದು ನೂರು ಜನರೆದುರು ಬಂಡಲ್ ಮುಖಕ್ಕೆ ಎಸೆದು, "ದನ ಕಾಯಕ್ಕೆ ಹೋಗು" ಅಂದರೆ ಅದು ಅಲ್ಲಿ ಅಪರಾಧವಲ್ಲ. 190ರ ಪ್ರಕಾರ ಅಂಥದ್ದು ಒಂದೇ ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಇದೆಲ್ಲ ನನಗೆ ಬಿಡಿಸಿ ಗೊತ್ತಾಗಿದ್ದು ಸಭೆ ಮುಗಿದು ಮೂರು ವಾರಕ್ಕೆ. ಆ ಸಂಕಟ ಇನ್ನೂ ಹೋಗಿಲ್ಲ.

ನಮ್ಮನ್ನು ಕೇಳಿ ಎಂದು ನಾವು ಬೇಡಬೇಕಾಗಿಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1976ರ 144ನೇ ಒಪ್ಪಂದ ಇರುವುದೇ ಇದಕ್ಕೆ, ಭಾರತ 1978ರ ಫೆಬ್ರುವರಿಯಲ್ಲೇ ಅದನ್ನು ಅನುಮೋದಿಸಿದೆ. ಜಿನೀವಾದಲ್ಲಿರುವ ಆ ಸಂಸ್ಥೆಗೆ ಉತ್ತರ ಕಳಿಸುವ ಮೊದಲು, ಹೊಸ ಒಪ್ಪಂದವನ್ನು ಸಂಸತ್ತಿನ ಮುಂದಿಡುವಾಗ, ಅನುಮೋದಿಸದೆ ಬಿಟ್ಟ ಹಳೆಯ ಒಪ್ಪಂದಗಳನ್ನು ಮತ್ತೆ ಪರಿಶೀಲಿಸುವಾಗ ಮಾಲೀಕರನ್ನೂ ಕಾರ್ಮಿಕರನ್ನೂ ಸಮಸಮ ಕೂರಿಸಿ ಕೇಳಬೇಕು. ವರ್ಷಕ್ಕೆ ಒಮ್ಮೆಯಾದರೂ ಕೇಳಬೇಕು. ಬರುವವರು ಯಾರೆಂದು ಆಯಾ ಸಂಘಟನೆಯೇ ಆರಿಸಬೇಕು. ಸಮಾಲೋಚನೆ ಪರಿಣಾಮಕಾರಿಯಾಗಿರಬೇಕು ಎಂಬ ಮಾತೂ ಅದರಲ್ಲಿದೆ. ಜಿನೀವಾದ ಸಮ್ಮೇಳನದಲ್ಲಿ ಪ್ರತಿ ದೇಶಕ್ಕೆ ನಾಲ್ಕು ಮತ: ಸರ್ಕಾರಕ್ಕೆ ಎರಡು, ಮಾಲೀಕರಿಗೆ ಒಂದು, ಕಾರ್ಮಿಕರಿಗೆ ಒಂದು. ಕಾರ್ಮಿಕರ ಪ್ರತಿನಿಧಿ ತನ್ನದೇ ಸರ್ಕಾರದ ವಿರುದ್ಧ ಮತ ಹಾಕಬಹುದು. ಅಲ್ಲಿರುವ ಆ ಗೌರವ ಇಲ್ಲಿನ ಸಭೆಯಲ್ಲಿ ಯಾಕಿಲ್ಲ?

ನಮ್ಮ ದೇಶಕ್ಕೆ ಇದು ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಮೂರೂ ಕಡೆಯವರು ಸೇರುವ ಭಾರತೀಯ ಕಾರ್ಮಿಕ ಸಮ್ಮೇಳನ ಶುರುವಾಗಿದ್ದು 1942ರಲ್ಲಿ. 1957ರ 15ನೇ ಸಮ್ಮೇಳನದಲ್ಲಿ ಕನಿಷ್ಠ ಕೂಲಿಯ ಲೆಕ್ಕ ಹೇಗಿರಬೇಕೆಂದು ಕೂತು ಮಾತಾಡಿ ಒಪ್ಪಿಕೊಂಡರು. ತಲೆಗೆ 2700 ಕ್ಯಾಲೊರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. ದಿನವೆಲ್ಲ ಬಟ್ಟೆ ಹೊಲಿಯುವ ನನಗೆ ಆ 72 ಗಜದ ಮಾತು ಮೊದಲ ಸಲ ಕೇಳಿದಾಗ ಕಣ್ಣು ತುಂಬಿ ಬಂತು. ಯಾರೋ ನಮ್ಮ ಮೈಮೇಲಿನ ಬಟ್ಟೆಯನ್ನೂ ಅಳೆದು ನೋಡಿದ್ದರು. ಸುಪ್ರೀಂ ಕೋರ್ಟ್ 1991ರಲ್ಲಿ ಅದಕ್ಕೆ ಮಕ್ಕಳ ಓದು, ಔಷಧಿ ಮುಂತಾದ ಖರ್ಚಿಗೆಂದು ಶೇ 25 ಸೇರಿಸಿತು. ಇವತ್ತಿಗೂ ಕನಿಷ್ಠ ವೇತನದ ಮಾತು ಬಂದಾಗ ನಾವು ಮೇಜಿನ ಮೇಲೆ ಇಡುವುದು ಇದೇ ಲೆಕ್ಕವನ್ನು. ಅಂಥ ಸಮ್ಮೇಳನ 2015ರ ಜುಲೈನಲ್ಲಿ 46ನೇ ಸಲ ಸೇರಿತು. ಆಮೇಲೆ 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆ ಮಾಡಿ 2019, 2020ರಲ್ಲಿ ಸಂಸತ್ತಿನಲ್ಲಿ ಪಾಸು ಮಾಡಿಸಿದರು. ಅಷ್ಟು ದೊಡ್ಡ ಬದಲಾವಣೆ ಆಗುವಾಗ ಸಮ್ಮೇಳನವನ್ನು ಒಂದು ಸಲವೂ ಕರೆಯಲಿಲ್ಲ. ಬಿಡಿ ಸಭೆಗಳು ನಡೆದಿವೆ ಎನ್ನುತ್ತಾರೆ. ಬಿಡಿ ಸಭೆ ಹೇಗಿರುತ್ತದೆಂದು ನಾನು ನೋಡಿದ್ದೇನೆ.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ನಲವತ್ತಕ್ಕೆಲ್ಲ ಕಣ್ಣು ಮಂಜಾಗಿ, ಸೊಂಟ ಹಿಡಿದು ಗಾರ್ಮೆಂಟ್ಸ್ ಬಿಡುವವರು ನಾವು. ಕೆಲಸ ಬಿಟ್ಟು, ಪಿಎಫ್ ತೆಗೆದು, ಮಕ್ಕಳ ಫೀಸು ಕಟ್ಟಿ, ಕೈಸಾಲ ತೀರಿಸಿ ಇನ್ನೊಂದು ಫ್ಯಾಕ್ಟರಿ ಸೇರುವುದು ನಮ್ಮಲ್ಲಿ ಎಷ್ಟೋ ಜನರ ರೂಢಿ. ಪಿಎಫ್ ಮಂಡಳಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಇದ್ದಾರೆ. ಆದರೂ ನಮ್ಮ ಲೈನಿಗೆ ಸುದ್ದಿ ಮುಟ್ಟಿದ್ದು ಏಪ್ರಿಲ್‌ನಲ್ಲಿ, ಬಾಯಿಂದ ಬಾಯಿಗೆ. 18ನೇ ತಾರೀಖು ಸೋಮವಾರ ಹೊಸೂರು ರಸ್ತೆಗೆ ಇಳಿದೆವು. ಯಾವ ಯೂನಿಯನ್ನೂ ಕರೆದಿರಲಿಲ್ಲ. ಮರುದಿನ ಪೀಣ್ಯ, ಜಾಲಹಳ್ಳಿ, ಹೆಬ್ಬಗೋಡಿ ತನಕ ಹರಡಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ನನ್ನ ಪಕ್ಕದ ಮಿಷನ್ನಿನವಳು ಒಂದು ಚಪ್ಪಲಿಯಲ್ಲಿ ಮನೆಗೆ ಹೋದಳು. 19ರಂದೇ ಸರ್ಕಾರ ಆದೇಶ ವಾಪಸು ಪಡೆಯಿತು. ಮಂಡಳಿಯಲ್ಲಿ ಕೂತ ನಮ್ಮ ಕಡೆಯವರಲ್ಲಿ ಒಬ್ಬಳಾದರೂ ಮಿಷನ್ ತುಳಿದವಳು ಇದ್ದಿದ್ದರೆ, 58 ಎಂಬ ಅಂಕಿ ಕೇಳಿದ ಕೂಡಲೇ ಎದ್ದು ನಿಲ್ಲುತ್ತಿದ್ದಳು ಎಂದು ನನ್ನ ನಂಬಿಕೆ. ಈ ಮಾತು ನಮ್ಮ ಯೂನಿಯನ್ನುಗಳಿಗೂ ಸೇರಿದ್ದು.

ನಾವು ಕೇಳುವುದು ಹೆಚ್ಚೇನಿಲ್ಲ. ಕಾಗದ ಕನ್ನಡದಲ್ಲಿ ಬರಲಿ. ಲೈನಿಗೆ ಹೋಗಿ ಕೇಳಿ ಬರುವಷ್ಟು ದಿನ ಕೊಡಲಿ. ನಾವು ಹೇಳಿದ್ದನ್ನು ಒಪ್ಪದಿದ್ದರೆ ಯಾಕೆಂದು ಬರೆದು ಕೊಡಲಿ. ಮುಂದಿನ ಸಭೆಗೆ ಕರೆದರೂ ಹೋಗುತ್ತೇನೆ. ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕ, ಕಾಗದ ಎಷ್ಟು ಗಂಟೆಗೆ ಬಂತು, ಯಾವ ಭಾಷೆಯಲ್ಲಿತ್ತು ಎಂದು ಬರೆದೇ ಒಳಗೆ ಹೋಗುತ್ತೇನೆ.