ಕನ್ನಡಕದ ಅಂಗಡಿ, ಬೋರ್ಡಿನ ಮೇಲೆ ನಮ್ಮ ಹೆಸರು



ನಮ್ಮ ಕೇರಿಯ ಹುಡುಗನೊಬ್ಬ ಆಪ್ಟೋಮೆಟ್ರಿ ಡಿಪ್ಲೊಮಾ ಮಾಡಿ, ಆರು ವರ್ಷದಿಂದ ದೊಡ್ಡ ಶೋರೂಮಿನಲ್ಲಿ ಸಂಬಳಕ್ಕೆ ದುಡೀತಿದ್ದಾನೆ. ಈಗ ಸ್ವಂತ ಅಂಗಡಿ ಹಾಕ್ತಾನಂತೆ. "ಅದೆಲ್ಲ ದುಡ್ಡಿದ್ದೋರ ವ್ಯಾಪಾರ, ಸರ್ಕಾರಿ ಕೆಲಸ ನೋಡ್ಕೋ" ಅಂತ ನಮ್ಮವರೇ ಹೇಳ್ತಿದ್ದಾರೆ. ಗುಮಾಸ್ತನಾಗಿ ನಾನು ಹೇಳೋದು: ಹಾಕಲಿ.

ಎಲ್ಲಾ ಯಂತ್ರ ಮೊದಲ ದಿನವೇ ಬೇಕಿಲ್ಲ. ಟ್ರಯಲ್ ಲೆನ್ಸ್ ಪೆಟ್ಟಿಗೆ, ಅಕ್ಷರದ ಚಾರ್ಟು, ಒಂದಿಷ್ಟು ಫ್ರೇಮು ಸಾಕು. ಲೆನ್ಸ್ ಕತ್ತರಿಸಿ ಕೂರಿಸೋದನ್ನ ಹೊರಗಿನ ಲ್ಯಾಬಿಗೆ ಕೊಡಬಹುದು. ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಆದರೂ ನಾವಿಬ್ಬರೂ ಹೋದ ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಸೈಟಿನ ಪತ್ರ ಇದೆಯಾ?" ನಮ್ಮ ಅಪ್ಪಂದಿರಿಗೆ ಸೈಟು ಕೊಟ್ಟೋರ್ಯಾರು ಸ್ವಾಮಿ?

ಸಾಲಕ್ಕಿಂತ ಕಷ್ಟ ಮಳಿಗೆ. ಪೇಟೆ ಬೀದಿಯಲ್ಲಿ ಬಾಡಿಗೆ ಮಾತಾದ ಮೇಲೆ "ನೀವು ಯಾವ ಜನ?" ಅಂದ್ರು. ಮಾರನೇ ದಿನ ಮಳಿಗೆ ಬೇರೆಯವರಿಗೆ ಹೋಗಿತ್ತು.

ಯೋಚನೆ ಮಾಡಿ. ಕನ್ನಡಕದವನು ಗಿರಾಕಿಯ ಮುಖ ಮುಟ್ಟಲೇಬೇಕು. ಮೂಗಿನ ಮೇಲೆ ಫ್ರೇಮ್ ಕೂರಿಸಬೇಕು, ಕಿವಿ ಹಿಂದೆ ಕಡ್ಡಿ ಸರಿಮಾಡಬೇಕು, ಎರಡು ಪಾಪೆಗಳ ನಡುವಿನ ಅಂತರ ಅಳೀಬೇಕು. ಶೋರೂಮಿನ ಯೂನಿಫಾರ್ಮಿನಲ್ಲಿದ್ದಾಗ ಇದೇ ಕೈ ಯಾರಿಗೂ ಮೈಲಿಗೆ ಆಗಲಿಲ್ಲ. ಅಂಗಡಿ ಅವನದೇ ಅಂದಾಗ ಮಾತ್ರ ಜಾತಿ ನೆನಪಾಯ್ತು.

ಬೋರ್ಡಿಗೆ ಬಾಬಾಸಾಹೇಬರ ಹೆಸರೇ ಅಂತೆ. (ಊರೂರ ಪ್ರತಿಮೆಯಲ್ಲಿ ಅವರ ಕನ್ನಡಕ ನೋಡೇ ಇರ್ತೀರಿ.) ಏಪ್ರಿಲ್ 14ಕ್ಕೆ ಬಾಗಿಲು ತೆಗೆಯೋ ಆಸೆ. ತಾಲೂಕಿನಲ್ಲಿ ಮಳಿಗೆ ಖಾಲಿ ಇದ್ದರೆ ತಿಳಿಸಿ, ಅಡ್ವಾನ್ಸಿಗೆ ಕೈಜೋಡಿಸೋರು ಇನ್‌ಬಾಕ್ಸಿಗೆ ಬನ್ನಿ. ನನಗೂ ಚಾಳೀಸು ಬಂದಿದೆ, ಮೊದಲ ಆರ್ಡರ್ ನಂದೇ.