ಏರುದಾರಿಯಲ್ಲಿ ಕೇಳಿದ ಮಾತು

ಬೇಸಿಗೆಯ ರಜೆ ಬಂದೊಡನೆ ಮೈಸೂರು, ಬೆಂಗಳೂರುಗಳ ಸಂಸಾರಗಳಿಗೆ ಉದಕಮಂಡಲದ ನೆನಪಾಗುವುದು ಹೊಸತೇನೂ ಅಲ್ಲ. ಮೋಟಾರು ಹತ್ತಿ ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ, ಬಂಡೀಪುರದ ಕಾಡಿನಲ್ಲಿ ಆನೆ ಕಂಡೀತೇ ಎಂದು ಮಕ್ಕಳು ಕಿಟಕಿಗೆ ಮೂಗೊತ್ತಿ ಕುಳಿತಿರುವಷ್ಟರಲ್ಲಿಯೇ ಮಸಿನಗುಡಿ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಕಲ್ಲಟ್ಟಿ ಘಾಟಿಯ 36 ತಿರುವುಗಳು. ಮೇಲೇರಿದ ಬಳಿಕ ಸಸ್ಯೋದ್ಯಾನ, ಕೆರೆಯ ದೋಣಿ, ದೊಡ್ಡಬೆಟ್ಟ, ಚಾಕೊಲೇಟಿನ ಅಂಗಡಿ. ಎರಡು ರಾತ್ರಿ ಕಳೆದರೆ ಪ್ರವಾಸ ಮುಗಿಯಿತು. ಇದನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ವರ್ಷವೆಲ್ಲ ದುಡಿದು ಬೆಂದ ಜೀವಕ್ಕೆ ಎರಡು ದಿನದ ತಂಪು ಸಲ್ಲತಕ್ಕದ್ದೇ. ಆದರೆ ಹೀಗೆ ಹೋಗಿಬಂದವರು ಬೆಟ್ಟಕ್ಕೆ ಹೋಗಿದ್ದರೆಂದು ಹೇಳಲು ಮಾತ್ರ ನನ್ನ ಮನಸ್ಸು ಒಪ್ಪದು. ಅವರು ಹೋದದ್ದು ಬೆಟ್ಟದ ಮೇಲಿರುವ ಒಂದು ಪೇಟೆಗೆ.

ಕಳೆದ ಬೇಸಿಗೆಯಲ್ಲಿ ನಾವೂ ಅದೇ ದಾರಿ ಹಿಡಿದೆವು. ಮೋಟಾರಿನ ಬೆನ್ನಿಗೆ ಎರಡು ಬೈಸಿಕಲ್ಲುಗಳನ್ನು ಕಟ್ಟಿಕೊಂಡು ಹೋದದ್ದೊಂದೇ ವಿಶೇಷ. ನೆರೆಯವರು ನಕ್ಕರು. ಹುಲಿಯ ಕಾಡಿನಲ್ಲಿ ಬೈಸಿಕಲ್ಲು ತುಳಿಯುವುದು ಶೌರ್ಯವಲ್ಲ, ಅವಿವೇಕ. ಘಾಟಿಯ ತಿರುವುಗಳಲ್ಲಿಯೂ ಅಷ್ಟೆ. ಆದ್ದರಿಂದ ಅಲ್ಲಿಯವರೆಗೆ ಅವು ಕಟ್ಟಿದ ಹಗ್ಗದಲ್ಲಿಯೇ ಇದ್ದವು. ಉದಕಮಂಡಲದಲ್ಲಿ ಇಳಿಸಿ, ಮರುದಿನ ಮುಂಜಾನೆ ಪೇಟೆ ಕಣ್ಣುಬಿಡುವುದಕ್ಕೆ ಮೊದಲೇ ಕೇತಿಯ ಕಣಿವೆಯ ಕಡೆಗೆ ಹೊರಟೆವು. ಮಗ, ಮಗಳು, ನಾನು ಸರದಿಯ ಮೇಲೆ ತುಳಿಯುವುದು. ನನ್ನ ಮನೆಯವರು ಮೋಟಾರು ನಡೆಸಿಕೊಂಡು ಮುಂದಿನ ಊರಿನಲ್ಲಿ ಕಾಯುವುದು. “ನಿಮ್ಮ ಮೂವರಲ್ಲಿ ಮೊದಲು ಸೋಲುವವರು ಯಾರೆಂದು ನನಗೆ ಗೊತ್ತು, ಅವರಿಗೆ ಹಿಂದಿನ ಆಸನ ಖಾಲಿ ಇಟ್ಟಿರುತ್ತೇನೆ” ಎಂದು ಆಕೆ ಹೇಳಿದ್ದು ನನ್ನನ್ನು ಕುರಿತೇ.

ಮೋಟಾರಿನಲ್ಲಿ ಕುಳಿತವನಿಗೆ ಏರು ಎಂದರೆ ಯಂತ್ರದ ಗುರುಗುಟ್ಟುವಿಕೆ ಮಾತ್ರ. ಬೈಸಿಕಲ್ಲಿನವನಿಗೆ ಅದು ತೊಡೆಯಲ್ಲಿ, ಎದೆಯಲ್ಲಿ, ಕಿವಿಯ ಹಿಂದಿನ ಬೆವರಿನಲ್ಲಿ ತಿಳಿಯುತ್ತದೆ. ಉದಕಮಂಡಲ ಇರುವುದು 2,240 ಮೀಟರ್ ಎತ್ತರದಲ್ಲಿ. ಬಯಲುಸೀಮೆಯ ಉಸಿರು ಅಲ್ಲಿ ಸಾಲದು. ಸತ್ಯವಾಗಿ ಹೇಳುವುದಾದರೆ ನಾವು ತುಳಿದದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚು. ನನಗೆ ಲಾಭವಾದದ್ದೂ ಅಲ್ಲಿಯೇ. ಓಡುವ ಮೋಟಾರಿನವನನ್ನು ಯಾರೂ ಮಾತನಾಡಿಸುವುದಿಲ್ಲ. ಏದುಸಿರು ಬಿಡುತ್ತ ಬೈಸಿಕಲ್ಲು ತಳ್ಳುವ ನಡುವಯಸ್ಕನನ್ನು ಎಲ್ಲರೂ ಮಾತನಾಡಿಸುತ್ತಾರೆ.

ಚಹದ ತೋಟದ ಅಂಚಿನಲ್ಲಿ ನಿಂತಿದ್ದ ಮುದುಕರೊಬ್ಬರು ನಮ್ಮನ್ನು ತಡೆದು ಏನನ್ನೋ ಕೇಳಿದರು. ಮಕ್ಕಳು ತಮಿಳೆಂದು ತಿಳಿದು ನನ್ನ ಮುಖ ನೋಡಿದರು. ಅದು ತಮಿಳಲ್ಲ. ಎರಡನೆಯ ಸಲ ಕೇಳಿದಾಗ ಮಗಳಿಗೆ ಅರ್ಧ ತಿಳಿಯಿತು. ಮೂರನೆಯ ಸಲಕ್ಕೆ ಅವಳೇ ಉತ್ತರ ಕೊಟ್ಟಳು. ನೀರು, ಮನೆ, ಹಾಲು, ಹಟ್ಟಿ—ಒಂದೊಂದಾಗಿ ಪರಿಚಿತ ಶಬ್ದಗಳು ಮಂಜಿನೊಳಗಿನಿಂದ ಮರಗಳು ಮೂಡುವಂತೆ ಮೂಡಿಬಂದವು. ಆ ಹಿರಿಯರು ಬಡಗರು. ಅವರಾಡಿದ ನುಡಿ ಬಡಗ.

ನಮ್ಮ ನಾಲ್ಕು ದಿಕ್ಕುಗಳ ಅಚ್ಚಗನ್ನಡ ಹೆಸರುಗಳಲ್ಲಿ ಬಡಗಣವೆಂದರೆ ಉತ್ತರ. ಬಡಗರೆಂದರೆ ಉತ್ತರದಿಂದ ಬಂದವರು, ಅಂದರೆ ನಮ್ಮ ಮೈಸೂರು ಸೀಮೆಯ ಕಡೆಯಿಂದ. ವಿಜಯನಗರ ಕುಸಿದ ಕಾಲದ ಸುಮಾರಿಗೆ ಇವರ ಪೂರ್ವಿಕರು ಬೆಟ್ಟ ಹತ್ತಿದರೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1603ರಲ್ಲಿ ನೀಲಗಿರಿಯನ್ನೇರಿದ ಜೆಸ್ಯೂಟ್ ಪಾದ್ರಿ ಫೆನಿಸಿಯೊ ಇವರನ್ನು ಕಂಡು ಬರೆದಿಟ್ಟಿದ್ದಾನೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಉದಕಮಂಡಲವನ್ನು ‘ಕಂಡುಹಿಡಿದ’ ಕಥೆಯನ್ನೇ ಪ್ರವಾಸಿಗಳಿಗೆ ಹೇಳುವುದು ರೂಢಿ. ಆತ ಬೆಟ್ಟಕ್ಕೆ ಬಂದದ್ದು 1819ರಲ್ಲಿ, ಇವರು ಅಲ್ಲಿ ನೆಲೆಸಿ ಇನ್ನೂರು ವರ್ಷಕ್ಕೂ ಮಿಕ್ಕಿ ಕಳೆದಿದ್ದಾಗ.

ಪ್ರತಿವರ್ಷವೂ ತರಗತಿಯಲ್ಲಿ ನಾನು ಪಕಾರವು ಹಕಾರವಾದ ಕಥೆಯನ್ನು ಪಾಠ ಹೇಳುತ್ತೇನೆ. ಪಂಪನ ಕಾಲದ ಪಾಲ್ ನಮ್ಮಲ್ಲಿ ಹಾಲಾಯಿತು, ಪರ್ಬವು ಹಬ್ಬವಾಯಿತು. 10ನೆಯ ಶತಮಾನದಿಂದ ಈಚೆಗೆ ಶಾಸನಗಳಲ್ಲಿ ಈ ಮಾರ್ಪಾಡು ಕಾಣತೊಡಗುತ್ತದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ಇಲ್ಲಿ ನೋಡಿದರೆ ಉದಕಮಂಡಲದ ಮಾರುಕಟ್ಟೆಯಲ್ಲಿ ತಮಿಳಿನ ಪಾಲ್, ಆರು ಮೈಲಿ ಆಚೆಯ ಹಟ್ಟಿಯಲ್ಲಿ ಹಾಲು! ಸುತ್ತಲೂ ತಮಿಳಿದ್ದರೂ ಬಡಗರ ನಾಲಗೆಯಲ್ಲಿ ಹಕಾರ ನಿಂತಿದೆ. ಇವರು ಕನ್ನಡದಿಂದ ಅಗಲಿದ್ದು ಆ ಮಾರ್ಪಾಡು ಆದ ಮೇಲೆಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅವರ ದೊಡ್ಡ ಹಬ್ಬ ಹೆತ್ತೆ ಹಬ್ಬ. ಹೆತ್ತೆಯೆಂಬ ಹೆಸರಿಗೆ ಕನ್ನಡಿಗನಿಗೆ ಟೀಕೆ ಬೇಕಾಗಿಲ್ಲ.

ಮಗಳು ತನ್ನ ಪುಸ್ತಕದಲ್ಲಿ ಶಬ್ದಗಳನ್ನು ಬರೆದುಕೊಳ್ಳುತ್ತಿದ್ದಳು. ಒಂದೆಡೆ ತಡೆದು, ಈ ಸ್ವರಕ್ಕೆ ಅಕ್ಷರ ಯಾವುದೆಂದು ಕೇಳಿದಳು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಆ ಸ್ವರಗಳನ್ನು ಎಮೆನೊ ಎಂಬ ಭಾಷಾವಿಜ್ಞಾನಿ 1939ರಲ್ಲಿಯೇ ವಿವರಿಸಿದ್ದಾರೆ. ಇಂದು ಎಲ್ಲ ಬಡಗರ ಬಾಯಲ್ಲಿಯೂ ಅವು ಉಳಿದಿಲ್ಲ.

ಇಲ್ಲಿ ಒಂದು ಮಾತನ್ನು ಎಚ್ಚರಿಕೆಯಿಂದ ಆಡಬೇಕಾಗಿದೆ. ಜನಗಣತಿಯವರು ಬಡಗವನ್ನು ಕನ್ನಡದ ಕೆಳಗೆ ಲೆಕ್ಕ ಹಾಕುತ್ತಾರೆ. 2011ರಲ್ಲಿ ಅದನ್ನಾಡುವವರು ಒಂದು ಲಕ್ಷದ ಮೂವತ್ತು ಸಾವಿರವನ್ನು ಮೀರಿದ್ದರು. ಇದನ್ನು ಓದಿ ‘ಅವರೂ ನಮ್ಮವರೇ’ ಎಂದು ಬೀಗುವ ಅಭಿಮಾನ ನನಗೆ ರುಚಿಸದು. ತಮ್ಮದು ಬೇರೆ ಭಾಷೆಯೆಂದು ಬಡಗರು ಹೇಳುತ್ತಾರೆ. ಆ ಮಾತನ್ನು ಎತ್ತಿಹಿಡಿಯುವ ಭಾಷಾವಿಜ್ಞಾನಿಗಳೂ ಇದ್ದಾರೆ. ತಂಗಿ ಬೇರೆ ಮನೆ ಹೂಡಿದ ಮೇಲೆ ಅಣ್ಣನಾದವನು ಹೋಗಿಬರಬೇಕು, ಯೋಗಕ್ಷೇಮ ಕೇಳಬೇಕು. ಮನೆಯ ಪತ್ರ ತನ್ನ ಹೆಸರಿಗಿರಲಿ ಎನ್ನಬಾರದು. ನಾವು ಮಾಡುತ್ತಿರುವುದೋ? ಹೋಗಿ ಬರುತ್ತೇವೆ ನಿಜ, ಆ ಮನೆಯ ಬಾಗಿಲಲ್ಲಿಯೇ ಹಾದು ಕೆರೆಯ ದೋಣಿಗೆ ಹೋಗುತ್ತೇವೆ. ನೀಲಗಿರಿ ಎಂದೊಡನೆ ನಮ್ಮ ರೈತನಿಗೆ ನೆನಪಾಗುವುದು ಕೂಡ ಆಸ್ಟ್ರೇಲಿಯದಿಂದ ಬಂದು ಆ ಬೆಟ್ಟದ ಹುಲ್ಲುಗಾವಲನ್ನು ನುಂಗಿದ ಮರವೇ ಹೊರತು ಬೆಟ್ಟವೂ ಅಲ್ಲ, ಜನವೂ ಅಲ್ಲ.

ಮೋಟಾರುಗಳ ಹಾವಳಿಯ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮದ್ರಾಸ್ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಿನಲ್ಲಿ ನೀಲಗಿರಿಗೆ ಬರುವ ವಾಹನಗಳಿಗೆ ಇ–ಪಾಸು ಕಡ್ಡಾಯವಾಯಿತು. 2025ರ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಎಂಬ ಮಿತಿ ಬಿತ್ತು. ನಮ್ಮವರು ಅನೇಕರು ಗೊಣಗಿದರು. ನನಗೆ ಆ ಸಂಖ್ಯೆಯೂ ಹೆಚ್ಚೆಂದೇ ತೋರುತ್ತದೆ. ಆ ಕಿರಿದಾದ ಬೀದಿಗಳಲ್ಲಿ ದಿನಕ್ಕೆ ಆರು ಸಾವಿರ ಹೊಸ ಮೋಟಾರೆಂದರೆ ಹಟ್ಟಿಯಿಂದ ತರಕಾರಿ ಹೇರಿಕೊಂಡು ಬರುವವನ ಪಾಡೇನು?

ಎಲ್ಲರೂ ಬೈಸಿಕಲ್ಲು ತುಳಿಯಲಾರರು, ಒಪ್ಪಿದೆ. ಮಂಡಿನೋವಿನ ತಂದೆತಾಯಿಗಳಿಗೆ ಕೂನೂರಿನಿಂದ ಹತ್ತುವ ಬೆಟ್ಟದ ರೈಲಿನ ಪುಟ್ಟ ಗಾಡಿ 1908ರಿಂದಲೂ ಇದೆ. ಕೇತಿಯಲ್ಲಿ ಅದಕ್ಕೊಂದು ನಿಲ್ದಾಣವೂ ಇದೆ. ಕನ್ನಡ ಎಂ.ಎ. ತರಗತಿಯ ಹುಡುಗ ಹುಡುಗಿಯರಾದರೋ ತುಳಿಯಬಲ್ಲರು, ತಳ್ಳಬಲ್ಲರು. ಮೈಸೂರಿನ ನಮ್ಮ ಕಾಲೇಜುಗಳಿಂದ ಉದಕಮಂಡಲ ಮಸಿನಗುಡಿಯ ಮಾರ್ಗವಾಗಿ ಸುಮಾರು 125 ಕಿಲೋಮೀಟರ್. ಭಾಷಾಶಾಸ್ತ್ರದ ಪತ್ರಿಕೆಗೆಂದು ಮೀಸಲಿಟ್ಟ ಅವಧಿಗಳಲ್ಲಿ ನಾಲ್ಕನ್ನು ಕಳೆದು, ಎರಡು ದಿನ ಅವರನ್ನು ಹಟ್ಟಿಗಳ ನಡುವೆ ಬಿಟ್ಟುಬರಬಹುದು. ಸರ್ಕಾರದ ಬಸ್ಸಿನಲ್ಲಿ ಹೋದರೆ ಪಾಸಿನ ಚಿಂತೆಯೂ ಇಲ್ಲ. 2025ರಲ್ಲಿ ಆ ಮಿತಿಯಿಂದ ಬಸ್ಸುಗಳನ್ನು ಹೊರಗಿಟ್ಟಿದ್ದರು.